ಯಾವ ಡೈರೆಕ್ಟರಿಗೆ ಯಾವ ಪಾರ್ಟಿಷನ್: ಲಿನಕ್ಸ್ ಡಿಸ್ಕನ್ನು ಪಾಲು ಮಾಡುವ ಸಮಗ್ರ ಮಾರ್ಗದರ್ಶಿ

ಪಾಸ್‌ವರ್ಡ್ ಸರಿಯಾಗಿಯೇ ಹಾಕುತ್ತಿದ್ದೆ. ಪರದೆ ಒಂದು ಕ್ಷಣ ಕಪ್ಪಾಗುತ್ತಿತ್ತು, ಮತ್ತೆ ಅದೇ ಲಾಗಿನ್ ಪುಟಕ್ಕೆ ವಾಪಸ್. ನಾಲ್ಕು ಸಲ ಹೀಗೇ ಆಯ್ತು. ಕೊನೆಗೆ ಕಂಟ್ರೋಲ್, ಆಲ್ಟ್, ಎಫ್3 ಮೂರನ್ನೂ ಒಟ್ಟಿಗೆ ಒತ್ತಿ ಕನ್ಸೋಲ್‌ಗೆ ಹೋದೆ. ಅಲ್ಲಿ ಲಾಗಿನ್ ಆಯಿತು. ಯಾವ ಪಾರ್ಟಿಷನ್ ಎಷ್ಟು ತುಂಬಿದೆ ಅಂತ ಹೇಳುವ ‘ಡಿಎಫ್ -ಎಚ್’ ಕೊಟ್ಟು ನೋಡಿದರೆ ರೂಟ್ ಪಾರ್ಟಿಷನ್ (ಎಲ್ಲ ಡೈರೆಕ್ಟರಿಗಳ ಬುಡವಾದ / ಇರುವ ಪಾಲು) ಮುಂದೆ 100% ಅಂತ ಕೂತಿದೆ. ಹುಡುಕುತ್ತಾ ಹೋದರೆ /ವಾರ್/ಲಾಗ್ ಒಳಗೆ ಒಂದೇ ಒಂದು ಫೈಲ್ 61 ಜಿಬಿ! ಯುಎಸ್‌ಬಿ ವೈಫೈ ಕಡ್ಡಿಯೊಂದರ ಡ್ರೈವರ್ ರಾತ್ರಿಯಿಡೀ ಒಂದೇ ಎರರ್ ಸಾಲನ್ನು ಬರೆದು ಬರೆದು ಇಟ್ಟಿತ್ತು. ಡೆಸ್ಕ್‌ಟಾಪ್ ಶುರುವಾಗುವಾಗ ನನ್ನ ಹೋಮ್ ಡೈರೆಕ್ಟರಿಯಲ್ಲಿ ಒಂದು ಪುಟ್ಟ ಫೈಲ್ ಬರೆಯಬೇಕು. ಅದಕ್ಕೂ ಜಾಗ ಇರಲಿಲ್ಲ, ಅದಕ್ಕೇ ಹೊರಗೆ ದಬ್ಬುತ್ತಿತ್ತು.

ಅವತ್ತು /ವಾರ್ ಬೇರೆ ಪಾರ್ಟಿಷನ್‌ನಲ್ಲಿ ಇದ್ದಿದ್ದರೆ ಆ ಲಾಗ್ ಅದರ ಪಾಲಿನ ಜಾಗವನ್ನಷ್ಟೇ ತಿಂದು ನಿಲ್ಲುತ್ತಿತ್ತು. ನಾನು ಲಾಗಿನ್ ಆಗಿ, ಕಾಫಿ ಕುಡಿಯುತ್ತಾ ಅಳಿಸುತ್ತಿದ್ದೆ.

ಹಾಗಾಗಿ ಡಿಸ್ಕ್ ಪಾಲು ಮಾಡುವಾಗ ‘ಎಷ್ಟು ಪಾರ್ಟಿಷನ್ ಬೇಕು’ ಅಂತ ನಾನು ಶುರು ಮಾಡುವುದೇ ಇಲ್ಲ. ಎರಡು ಪ್ರಶ್ನೆ ಕೇಳಿಕೊಳ್ಳುತ್ತೇನೆ. ನನ್ನನ್ನು ಕೇಳದೆ ಬೆಳೆಯುವ ಡೈರೆಕ್ಟರಿ ಯಾವುದು? ಉಳಿದದ್ದೇನೂ ಸಿಗದಿದ್ದರೂ ಮಷೀನ್ ಎದ್ದು ನಿಲ್ಲಲು ಯಾವುದು ಬೇಕು? ಮೊದಲನೆಯದನ್ನು ಬೇರೆ ಮಾಡಿ. ಎರಡನೆಯದನ್ನು ರೂಟ್‌ನಲ್ಲೇ ಬಿಡಿ.

ಶುರು ಮಾಡುವ ಮುಂಚೆ ಒಂದು ಮಾತು. ಫೋನಿನಲ್ಲಿ ಕಮಾಂಡ್ ಹೇಳಿ ಹೇಳಿ ನನಗೆ ಅಭ್ಯಾಸ. ಇಲ್ಲೂ ಹಾಗೇ, ಬಾಯಲ್ಲಿ ಹೇಳುವಂತೆ ಕನ್ನಡದಲ್ಲೇ ಬರೆದಿದ್ದೇನೆ. ಟರ್ಮಿನಲ್‌ನಲ್ಲಿ ಇಂಗ್ಲಿಷ್ ಅಕ್ಷರದಲ್ಲೇ ಟೈಪ್ ಮಾಡಬೇಕು. ನಾನು ‘ದೊಡ್ಡಕ್ಷರ’ ಅಂತ ಹೇಳದ ಕಡೆಯೆಲ್ಲ ಚಿಕ್ಕಕ್ಷರ. ಉದಾಹರಣೆಗೆ ಡೆಬಿಯನ್ 12 ಹಿಡಿದಿದ್ದೇನೆ. ಉಬುಂಟು, ಮಿಂಟ್‌ನಲ್ಲೂ ಹೆಚ್ಚುಕಡಿಮೆ ಇದೇ.

ರೂಟ್‌ನಿಂದ ಕದಲಿಸಬಾರದವು

ಮಷೀನ್ ಏಳುವಾಗ ಕರ್ನಲ್ (ಸಿಸ್ಟಂನ ತಿರುಳು) ಮೊದಲು ಮೌಂಟ್ ಮಾಡುವುದು, ಅಂದರೆ ಡೈರೆಕ್ಟರಿಯ ಜಾಗದಲ್ಲಿ ತಂದು ಕೂರಿಸುವುದು, ರೂಟ್ ಒಂದನ್ನೇ. ಉಳಿದ ಪಾರ್ಟಿಷನ್ ಎಲ್ಲಿವೆ, ಯಾವುದನ್ನು ಎಲ್ಲಿ ಕೂರಿಸಬೇಕು ಅನ್ನುವ ಪಟ್ಟಿ ಇರುವುದು /ಇಟಿಸಿ/ಎಫ್‌ಎಸ್‌ಟ್ಯಾಬ್ ಫೈಲಿನಲ್ಲಿ. ಈಗ /ಇಟಿಸಿಯನ್ನೇ ಬೇರೆ ಪಾರ್ಟಿಷನ್‌ಗೆ ಹಾಕಿದರೆ? ಕೊಟ್ಟಿಗೆಯ ಬೀಗದ ಕೈಯನ್ನು ಕೊಟ್ಟಿಗೆಯೊಳಗೇ ಇಟ್ಟು ಬೀಗ ಒತ್ತಿದ ಹಾಗೆ. ಮೌಂಟ್ ಮಾಡುವ ಕಮಾಂಡ್ ಇರುವ /ಬಿನ್, ರಿಪೇರಿ ಸಾಮಾನು ಇರುವ /ಎಸ್‌ಬಿನ್, ಇವೆಲ್ಲಕ್ಕೂ ಬೇಕಾದ /ಲಿಬ್, ಇವುಗಳ ಕತೆಯೂ ಅದೇ. ರೂಟ್ ಬಳಕೆದಾರನ ಮನೆಯಾದ /ರೂಟ್ ಡೈರೆಕ್ಟರಿಯೂ ಅಲ್ಲೇ ಇರಲಿ. ಎಲ್ಲ ಕೆಟ್ಟ ದಿನ ನೀವು ಹೋಗಿ ಕೂರುವ ಜಾಗ ಅದು. /ಡೆವ್, /ಪ್ರಾಕ್, /ಸಿಸ್, /ರನ್ ಬಗ್ಗೆ ತಲೆ ಕೆಡಿಸಿಕೊಳ್ಳಬೇಡಿ. ಅವು ಡಿಸ್ಕಿನಲ್ಲಿ ಇರುವುದೇ ಇಲ್ಲ, ಕರ್ನಲ್ ಮತ್ತು ಮೆಮೊರಿಯ ಆಟ.

ಲಿನಕ್ಸ್ ಡೈರೆಕ್ಟರಿಗಳ ಜೋಡಣೆಗೆ ಒಂದು ಒಪ್ಪಿತ ಮಾನದಂಡ ಇದೆ, ಎಫ್‌ಎಚ್‌ಎಸ್ ಅಂತ. ಅದರ 3.0 ಆವೃತ್ತಿ 2015ರಲ್ಲಿ ಬಂತು. ಅದೂ ಹೇಳುವುದು ಇದನ್ನೇ: ಮಷೀನ್ ಬೂಟ್ ಆಗಲು, ಕೆಟ್ಟರೆ ರಿಪೇರಿ ಮಾಡಲು ಬೇಕಾದದ್ದೆಲ್ಲ ರೂಟ್‌ನಲ್ಲಿ ಇರಬೇಕು.

/ಯುಎಸ್‌ಆರ್ ವಿಷಯದಲ್ಲಿ ಮಾತ್ರ ಹಳೇ ಪುಸ್ತಕ ಹಿಡಿದವರು ದಾರಿ ತಪ್ಪುತ್ತಾರೆ. ಅದರ ಕತೆ ಚೆನ್ನಾಗಿದೆ. 1970ರ ದಶಕದ ಶುರುವಿನಲ್ಲಿ ಬೆಲ್ ಲ್ಯಾಬ್ಸ್‌ನಲ್ಲಿ ಕೆನ್ ಥಾಂಪ್ಸನ್, ಡೆನಿಸ್ ರಿಚಿ ಯುನಿಕ್ಸ್ ಕಟ್ಟುತ್ತಿದ್ದಾಗ ಮೊದಲ ಡಿಸ್ಕ್ ತುಂಬಿತು. ಎರಡನೇ ಡಿಸ್ಕ್ /ಯುಎಸ್‌ಆರ್ ಅಂತ ಮೌಂಟ್ ಆಗಿತ್ತು, ಅದರಲ್ಲಿ ಬಳಕೆದಾರರ ಫೈಲುಗಳಿದ್ದವು. ಹಿಡಿಸದ ಪ್ರೋಗ್ರಾಂಗಳನ್ನು ಅಲ್ಲಿಗೇ ಸಾಗಿಸಿದರು. ಹಾಗೆ /ಬಿನ್ ಒಂದು, /ಯುಎಸ್‌ಆರ್/ಬಿನ್ ಇನ್ನೊಂದು ಆಯಿತು. ಜಾಗ ಸಾಲದೆ ಮಾಡಿದ ಏರ್ಪಾಡು ದಶಕಗಟ್ಟಲೆ ಶಾಸ್ತ್ರವಾಗಿ ನಡೆದುಬಂತು. ಫೆಡೋರಾ 2012ರಲ್ಲಿ ಎರಡನ್ನೂ ಒಂದು ಮಾಡಿತು. 2023ರಲ್ಲಿ ಬಂದ ಡೆಬಿಯನ್ 12ರಲ್ಲಿ ಬೇರೆ ದಾರಿಯೇ ಇಲ್ಲ, /ಬಿನ್ ಅನ್ನುವುದು /ಯುಎಸ್‌ಆರ್/ಬಿನ್ ಕಡೆ ಕೈ ತೋರಿಸುವ ಬರೀ ಒಂದು ಲಿಂಕ್. ಅಂದ ಮೇಲೆ /ಯುಎಸ್‌ಆರ್ ಅನ್ನು ಬೇರೆ ಪಾರ್ಟಿಷನ್‌ಗೆ ಹಾಕಿದರೆ /ಬಿನ್ ಕೂಡ ಅದರ ಹಿಂದೆಯೇ ಹೋಗುತ್ತದೆ. ಇನಿಟ್‌ರಾಮ್‌ಎಫ್‌ಎಸ್ (ಬೂಟ್ ಆಗುವಾಗ ಮೊದಲು ಮೆಮೊರಿಗೆ ಬರುವ ಪುಟ್ಟ ತಾತ್ಕಾಲಿಕ ಸಿಸ್ಟಂ) ಇದ್ದರೆ ಅದು ಮೊದಲೇ ಮೌಂಟ್ ಮಾಡಿಕೊಟ್ಟು ಕೆಲಸ ನಡೆಸುತ್ತದೆ, ನಿಜ. ಆದರೆ ಮನೆ ಮಷೀನಿಗೆ ಇದರಿಂದ ಲಾಭ ಏನೂ ಕಾಣೆ. ರೂಟ್‌ನಲ್ಲೇ ಬಿಡಿ.

ಬೇರೆ ಮಾಡಬೇಕಾದವು

ಮೊದಲು /ಹೋಮ್. ಇದರಲ್ಲಿ ವಾದವೇ ಇಲ್ಲ. ನಾಳೆ ಬೇರೆ ಡಿಸ್ಟ್ರೋ ಹಾಕಬೇಕು ಅನ್ನಿಸಿದರೆ ರೂಟ್ ಮಾತ್ರ ಫಾರ್ಮ್ಯಾಟ್ ಮಾಡಿ, /ಹೋಮ್ ಹಾಗೇ ಉಳಿಸಿಕೊಳ್ಳಬಹುದು. ಹೊಸ ಸಿಸ್ಟಂನಲ್ಲೂ ನಿಮ್ಮ ಬಳಕೆದಾರ ಸಂಖ್ಯೆ ಹಳೆಯದೇ ಇರುವಂತೆ ನೋಡಿಕೊಳ್ಳಿ. ಫೈಲಿನ ಮಾಲೀಕ ಯಾರು ಅಂತ ಡಿಸ್ಕ್ ನೆನಪಿಡುವುದು ಹೆಸರಿನಿಂದಲ್ಲ, ಆ ಸಂಖ್ಯೆಯಿಂದ. ‘ಐಡಿ’ ಅಂತ ಕೊಟ್ಟರೆ ಕಾಣಿಸುತ್ತದೆ. ಮೊದಲ ಬಳಕೆದಾರನಿಗೆ ಸಾಮಾನ್ಯವಾಗಿ 1000.

ಆಮೇಲೆ /ವಾರ್. ನಿಜವಾದ ಕಳ್ಳ ಇವನೇ. ಲಾಗ್, ಡೌನ್‌ಲೋಡ್ ಆದ ಪ್ಯಾಕೇಜ್, ಮೇಲ್, ಪೋಸ್ಟ್‌ಗ್ರೆಸ್ ಡೇಟಾಬೇಸ್, ಡಾಕರ್ ಇಮೇಜ್, ಫ್ಲ್ಯಾಟ್‌ಪ್ಯಾಕ್ ಎಲ್ಲ ಬಂದು ಬೀಳುವುದು ಇಲ್ಲೇ. ಸುಮ್ನೆ ಬ್ರೌಸರ್ ಇಟ್ಟುಕೊಂಡು ಕೂತವರಿಗೆ 15 ಜಿಬಿ ಧಾರಾಳ. ಡಾಕರ್ ಇಟ್ಟುಕೊಂಡವರಿಗೆ 60 ಜಿಬಿಯೂ ಸಾಲದು. ಸರ್ವಿಸ್‌ಗಳನ್ನು ನಡೆಸುವ ಸಿಸ್ಟಂಡಿಯ ಜರ್ನಲ್ (ಅದರ ಲಾಗ್) ಮಾತ್ರ ಸ್ವಲ್ಪ ಮರ್ಯಾದಸ್ಥ. ತಾನಿರುವ ಫೈಲ್‌ಸಿಸ್ಟಂನ 10% ದಾಟುವುದಿಲ್ಲ, ಹೆಚ್ಚೆಂದರೆ 4 ಜಿಬಿ. ಉಳಿದವರಿಗೆ ಆ ಸಂಕೋಚ ಇಲ್ಲ.

/ಟಿಎಂಪಿಗೆ ಡಿಸ್ಕಿನಲ್ಲಿ ಪಾಲು ಕೊಡುವ ಬದಲು ಮೆಮೊರಿಯಲ್ಲೇ ಇಡುವುದು ನನ್ನ ಪದ್ಧತಿ. ಟಿಎಂಪಿಎಫ್‌ಎಸ್ ಅಂತ ಕರೆಯುತ್ತಾರೆ. ಮಿತಿ ಹೇಳದಿದ್ದರೆ ರ‍್ಯಾಮ್‌ನ ಅರ್ಧದವರೆಗೂ ಹೋಗುತ್ತದೆ, ಅದಕ್ಕೇ ಮಿತಿ ಹಾಕಬೇಕು. ರೀಬೂಟ್ ಆದರೆ ಎಲ್ಲ ಮಾಯ. ರೀಬೂಟ್ ಆದರೂ ಉಳಿಯಬೇಕಾದ ತಾತ್ಕಾಲಿಕ ಫೈಲುಗಳಿಗೆ /ವಾರ್/ಟಿಎಂಪಿ ಇದೆ, ಅದನ್ನು ಮೆಮೊರಿಗೆ ಹಾಕಬೇಡಿ.

/ಬೂಟ್ ಬೇರೆ ಬೇಕಾಗುವುದು ಸಾಮಾನ್ಯವಾಗಿ ಎನ್‌ಕ್ರಿಪ್ಷನ್ ಅಥವಾ ಎಲ್‌ವಿಎಂ (ಡಿಸ್ಕಿನ ಜಾಗವನ್ನು ಬೇಕಾದಾಗ ಅಳೆದು ಹಂಚುವ ಏರ್ಪಾಡು, ಹೆಜ್ಜೆ 2ರಲ್ಲಿ ಬರುತ್ತದೆ) ಬಳಸುವವರಿಗೆ. 1 ಜಿಬಿ ಕೊಡಿ. ಹಿಂದೆ 200 ಎಂಬಿ ಸಾಕಾಗುತ್ತಿತ್ತು, ಈಗ ಒಂದೊಂದು ಇನಿಟ್‌ರಾಮ್‌ಎಫ್‌ಎಸ್ ಫೈಲೇ 100 ಎಂಬಿ ದಾಟುವುದುಂಟು, ಜೊತೆಗೆ ಎರಡು ಮೂರು ಹಳೇ ಕರ್ನಲ್ ಇರುತ್ತವೆ. ಯುಇಎಫ್‌ಐ (ಹಳೇ ಬಯೋಸ್ ಬದಲಿಗೆ ಬಂದ ಫರ್ಮ್‌ವೇರ್) ಮಷೀನ್ ಆದರೆ ಇಎಫ್‌ಐ ಪಾರ್ಟಿಷನ್ ಬೇಕೇ ಬೇಕು, ಫ್ಯಾಟ್32ರಲ್ಲಿ, 512 ಎಂಬಿ. /ಆಪ್ಟ್, /ಎಸ್‌ಆರ್‌ವಿ, /ಯುಎಸ್‌ಆರ್/ಲೋಕಲ್ ಇವು ಮನೆ ಮಷೀನಿನಲ್ಲಿ ರೂಟ್ ಜೊತೆಗೇ ಇರಲಿ. ವೆಬ್‌ಸೈಟ್‌ನ ಫೈಲುಗಳನ್ನು /ಎಸ್‌ಆರ್‌ವಿಯಲ್ಲಿ ಇಡುವ ಸರ್ವರ್ ಆದರೆ ಅದಕ್ಕೊಂದು ಪಾಲು ಕೊಡಿ, ಅಷ್ಟೇ.

ಹೆಜ್ಜೆ 1: ಅಳತೆ ತೆಗೆಯುವುದು

ಈಗಾಗಲೇ ಲಿನಕ್ಸ್ ಬಳಸುತ್ತಿದ್ದರೆ ಊಹೆ ಮಾಡುವ ಕೆಲಸವೇ ಇಲ್ಲ, ಅಳೆದು ನೋಡಿ:

ಸುಡೋ ಡಿಯು -ಎಕ್ಸ್‌ಎಚ್ --ಮ್ಯಾಕ್ಸ್-ಡೆಪ್ತ್=1 /

ಇದರಲ್ಲಿ ಎಕ್ಸ್ ಮುಖ್ಯ. ಅದು ಇದ್ದರೆ ಡಿಯು ಬೇರೆ ಪಾರ್ಟಿಷನ್‌ನೊಳಗೆ ಕಾಲಿಡುವುದಿಲ್ಲ. ಬಂದ ಲೆಕ್ಕವನ್ನು ಒಂದೂವರೆ ಪಟ್ಟು ಮಾಡಿ, ಅಲ್ಲಿಂದ ಶುರು ಮಾಡಿ.

ನನ್ನ ಈಗಿನ ಲ್ಯಾಪ್‌ಟಾಪ್ ಲೆಕ್ಕ ಹೇಳುತ್ತೇನೆ. 512 ಜಿಬಿ ಎಸ್‌ಎಸ್‌ಡಿ, 16 ಜಿಬಿ ರ‍್ಯಾಮ್. ಡಬ್ಬದ ಮೇಲೆ 512 ಅಂತ ಇದ್ದರೂ ಲಿನಕ್ಸ್ ಎಣಿಸುವುದು 1024ರ ಲೆಕ್ಕದಲ್ಲಿ, ಹಾಗಾಗಿ ಕಾಣುವುದು ಸುಮಾರು 476. ಇಎಫ್‌ಐಗೆ ಅರ್ಧ ಜಿಬಿ, /ಬೂಟ್‌ಗೆ 1, ರೂಟ್‌ಗೆ 40, /ವಾರ್‌ಗೆ 30, ಸ್ವಾಪ್‌ಗೆ (ರ‍್ಯಾಮ್ ಸಾಲದಾಗ ಬಳಸುವ ಡಿಸ್ಕ್ ಜಾಗ) 16, /ಹೋಮ್‌ಗೆ 200. ಸ್ವಾಪ್ ಅಷ್ಟು ದೊಡ್ಡದು ಯಾಕೆಂದರೆ ನಾನು ಹೈಬರ್ನೇಟ್ (ಮೆಮೊರಿಯಲ್ಲಿ ಇದ್ದದ್ದನ್ನು ಡಿಸ್ಕಿಗೆ ಬರೆದಿಟ್ಟು ಆಫ್) ಮಾಡುತ್ತೇನೆ. ಮಾಡದವರಿಗೆ 4 ಜಿಬಿ ಸಾಕು.

ಕೂಡಿದರೆ 287.5 ಆಯಿತು. ಉಳಿದ 188 ಜಿಬಿ? ಖಾಲಿ. ಯಾರಿಗೂ ಕೊಟ್ಟಿಲ್ಲ. ನೋಡಿದವರೆಲ್ಲ ‘ಇಷ್ಟು ಜಾಗ ಯಾಕೆ ಸುಮ್ನೆ ಬಿಟ್ಟಿದ್ದೀರಿ’ ಅಂತ ಕೇಳುತ್ತಾರೆ. ಪಾರ್ಟಿಷನ್ ದೊಡ್ಡದು ಮಾಡುವುದು ಒಂದು ನಿಮಿಷದ ಕೆಲಸ, ಸಣ್ಣದು ಮಾಡುವುದು ಒಂದು ಸಂಜೆಯ ಕೆಲಸ. ಲಿನಕ್ಸ್‌ನ ಸಾಮಾನ್ಯ ಫೈಲ್‌ಸಿಸ್ಟಂ ಆದ ಇಎಕ್ಸ್‌ಟಿ4 ಅನ್ನು ಬಳಕೆಯಲ್ಲಿ ಇರುವಾಗಲೇ ಹಿಗ್ಗಿಸಬಹುದು, ಕುಗ್ಗಿಸಬೇಕಾದರೆ ಮೌಂಟ್ ತೆಗೆಯಲೇಬೇಕು. ಅದರ ಬದಲು ಎಕ್ಸ್‌ಎಫ್‌ಎಸ್ ಹಾಕಿದ್ದರಂತೂ ಕುಗ್ಗಿಸುವ ಮಾತೇ ಬೇಡ. ಕಿಸೆಯಲ್ಲಿ ದುಡ್ಡಿಟ್ಟುಕೊಂಡು ಸಂತೆಗೆ ಹೋದ ಹಾಗೆ, ಯಾರಿಗೆ ಬೇಕೋ ಅವತ್ತು ಕೊಡಬಹುದು.

ಹೆಜ್ಜೆ 2: ಎಲ್‌ವಿಎಂ ಮೇಲೆ ಕಟ್ಟುವುದು

ಖಾಲಿ ಜಾಗದ ಈ ಉಪಾಯ ನಡೆಯುವುದು ಎಲ್‌ವಿಎಂ ಇದ್ದರೆ ಮಾತ್ರ. ಸಾಮಾನ್ಯ ಪಾರ್ಟಿಷನ್ ಡಿಸ್ಕಿನಲ್ಲಿ ಒಂದರ ಪಕ್ಕ ಒಂದು ಸೈಟ್ ಇದ್ದ ಹಾಗೆ. ಪಕ್ಕದ ಸೈಟ್ ಖಾಲಿ ಇಲ್ಲದಿದ್ದರೆ ಬೆಳೆಯಲು ಆಗುವುದಿಲ್ಲ. ಎಲ್‌ವಿಎಂನಲ್ಲಿ ಇಡೀ ಡಿಸ್ಕ್ ಒಂದು ಕಣಜ. ಎಲ್ಲಿಂದ ಬೇಕಾದರೂ ಅಳೆದು ಕೊಡಬಹುದು.

ಡೆಬಿಯನ್ ಇನ್‌ಸ್ಟಾಲರ್‌ನಲ್ಲಿ ಡಿಸ್ಕ್ ಹಂತ ಬಂದಾಗ ಗೈಡೆಡ್ ವಿತ್ ಎಲ್‌ವಿಎಂ ಆರಿಸಿ. ಮುಂದೆ ಮೂರು ಆಯ್ಕೆ ಕೊಡುತ್ತದೆ: ಎಲ್ಲ ಒಂದೇ ಪಾರ್ಟಿಷನ್, /ಹೋಮ್ ಬೇರೆ, ಇಲ್ಲವೇ /ಹೋಮ್, /ವಾರ್, /ಟಿಎಂಪಿ ಮೂರೂ ಬೇರೆ. ಕೊನೆಯದನ್ನು ಒತ್ತುವ ಆಸೆ ಆಗುತ್ತದೆ, ಆದರೆ ಅಳತೆಯನ್ನು ಅದೇ ನಿರ್ಧರಿಸುತ್ತದೆ. ನಾನು ಎರಡನೆಯದನ್ನು ಆರಿಸಿ, ಆಮೇಲೆ ಕೇಳುವ ‘ವಾಲ್ಯೂಮ್ ಗ್ರೂಪ್‌ನಲ್ಲಿ ಎಷ್ಟು ಬಳಸಲಿ’ ಎಂಬ ಪ್ರಶ್ನೆಗೆ ಕಡಿಮೆ ಅಂಕಿ ಕೊಡುತ್ತೇನೆ. ಅಲ್ಲಿ ಎಂಟರ್ ಒತ್ತಿಬಿಟ್ಟರೆ ಪೂರ್ತಿ ಡಿಸ್ಕನ್ನು ಹಂಚಿ ಕೈ ತೊಳೆದುಕೊಳ್ಳುತ್ತದೆ. ಜಾಸ್ತಿ ಜನ ಎಡವುವುದು ಆ ಒಂದು ಪರದೆಯಲ್ಲೇ.

ಗ್ರೂಪಿನ ಹೆಸರು ವಿಜಿ0 ಅಂತ ಇಟ್ಟುಕೊಳ್ಳೋಣ. ನಿಮ್ಮದು ಏನು ಅಂತ ‘ಸುಡೋ ವಿಜಿಎಸ್’ ಹೇಳುತ್ತದೆ, ಎಷ್ಟು ಖಾಲಿ ಇದೆ ಅಂತಲೂ ತೋರಿಸುತ್ತದೆ. /ವಾರ್‌ಗೆ ಜಾಗ ಅಳೆಯಿರಿ:

ಸುಡೋ ಎಲ್‌ವಿಕ್ರಿಯೇಟ್ -ಎಲ್ 30ಜಿ -ಎನ್ ವಾರ್ ವಿಜಿ0
ಸುಡೋ ಎಂಕೆಎಫ್‌ಎಸ್.ಇಎಕ್ಸ್‌ಟಿ4 /ಡೆವ್/ವಿಜಿ0/ವಾರ್

ಇಲ್ಲಿ -ಎಲ್‌ನ ಎಲ್ ಮತ್ತು 30ಜಿಯ ಜಿ ದೊಡ್ಡಕ್ಷರ. ಚಿಕ್ಕ ಎಲ್ ಹಾಕಿದರೆ ಅರ್ಥವೇ ಬೇರೆ.

ಇಎಕ್ಸ್‌ಟಿ4 ಫಾರ್ಮ್ಯಾಟ್ ಆಗುವಾಗ 5% ಜಾಗವನ್ನು ರೂಟ್ ಬಳಕೆದಾರನಿಗೆ ಎತ್ತಿಡುತ್ತದೆ. ರೂಟ್ ಮತ್ತು /ವಾರ್‌ನಲ್ಲಿ ಅದು ಒಳ್ಳೆಯದು, ತುಂಬಿದ ದಿನ ಉಸಿರಾಡಲು ಜಾಗ. 200 ಜಿಬಿ /ಹೋಮ್‌ನಲ್ಲಿ ಮಾತ್ರ 10 ಜಿಬಿ ದಂಡ. ‘ಸುಡೋ ಟ್ಯೂನ್2ಎಫ್‌ಎಸ್ -ಎಂ 1 /ಡೆವ್/ವಿಜಿ0/ಹೋಮ್’ ಕೊಟ್ಟರೆ 1%ಕ್ಕೆ ಇಳಿಯುತ್ತದೆ.

ಹೆಜ್ಜೆ 3: ಹಳೇ /ವಾರ್ ಅನ್ನು ಹೊಸ ಮನೆಗೆ ಸಾಗಿಸುವುದು

ಓಡುತ್ತಿರುವ ಮಷೀನಿನಲ್ಲಿ /ವಾರ್ ಕಾಪಿ ಮಾಡಬೇಡಿ. ನೀವು ಕಾಪಿ ಮಾಡುತ್ತಿರುವಾಗಲೇ ಯಾರೋ ಅದರಲ್ಲಿ ಬರೆಯುತ್ತಿರುತ್ತಾರೆ, ಡೇಟಾಬೇಸ್ ಇದ್ದರಂತೂ ಅರ್ಧಂಬರ್ಧ ಪ್ರತಿ ಸಿಗುತ್ತದೆ. ಲೈವ್ ಪೆನ್‌ಡ್ರೈವ್‌ನಿಂದ ಬೂಟ್ ಮಾಡಿ. ಅದಕ್ಕೂ ಮುಂಚೆ ಬ್ಯಾಕಪ್ ತೆಗೆದಿಡಿ, ಬೇರೆ ಡಿಸ್ಕಿನಲ್ಲಿ. ಇದನ್ನು ಎಲ್ಲರೂ ಹೇಳುತ್ತಾರೆ, ಯಾರೂ ಮಾಡುವುದಿಲ್ಲ. ಈ ಸಲ ಮಾಡಿ.

ಪೆನ್‌ಡ್ರೈವ್‌ನಲ್ಲಿ ಎದ್ದ ಮೇಲೆ ರೂಟ್ ಆಗಿ. ಎಲ್‌ವಿಎಂ ಎಚ್ಚರಗೊಳ್ಳಲು ‘ವಿಜಿಚೇಂಜ್ -ಎವೈ’ ಕೊಡಿ. ಹಾಗೊಂದು ಕಮಾಂಡೇ ಇಲ್ಲ ಅಂದರೆ ಎಲ್‌ವಿಎಂ2 ಪ್ಯಾಕೇಜ್ ಹಾಕಿಕೊಳ್ಳಿ. ಆಮೇಲೆ:

ಎಂಕೆಡಿಐಆರ್ /ಎಂಎನ್‌ಟಿ/ಹಳೆ /ಎಂಎನ್‌ಟಿ/ಹೊಸ
ಮೌಂಟ್ /ಡೆವ್/ವಿಜಿ0/ರೂಟ್ /ಎಂಎನ್‌ಟಿ/ಹಳೆ
ಮೌಂಟ್ /ಡೆವ್/ವಿಜಿ0/ವಾರ್ /ಎಂಎನ್‌ಟಿ/ಹೊಸ
ಆರ್‌ಸಿಂಕ್ -ಎಎಚ್‌ಎಎಕ್ಸ್ /ಎಂಎನ್‌ಟಿ/ಹಳೆ/ವಾರ್/ /ಎಂಎನ್‌ಟಿ/ಹೊಸ/

‘ಹಳೆ’, ‘ಹೊಸ’ ನಿಮಗೆ ಬೇಕಾದ ಹೆಸರು ಇಟ್ಟುಕೊಳ್ಳಿ. ಆರ್‌ಸಿಂಕ್‌ನ ನಾಲ್ಕು ಅಕ್ಷರಗಳಲ್ಲಿ ಮೊದಲ ಎ ಚಿಕ್ಕದು, ಉಳಿದ ಮೂರೂ ದೊಡ್ಡವು. ಮಾಲೀಕ, ಅನುಮತಿ, ಹಾರ್ಡ್‌ಲಿಂಕ್, ಉಳಿದ ಗುಣಲಕ್ಷಣ ಯಾವುದೂ ದಾರಿಯಲ್ಲಿ ಬೀಳದಿರಲಿ ಅಂತ. ಹಾಗೆಯೇ ವಾರ್ ಆದ ಮೇಲಿನ ಆ ಸ್ಲ್ಯಾಶ್. ಅದನ್ನು ಬಿಟ್ಟರೆ ಹೊಸ ಪಾರ್ಟಿಷನ್‌ನೊಳಗೆ ಮತ್ತೊಂದು ವಾರ್ ಹುಟ್ಟುತ್ತದೆ, ಬೂಟ್ ಆದಾಗ /ವಾರ್/ವಾರ್ ನೋಡಿ ನಗಬೇಕಾಗುತ್ತದೆ.

ಈಗ ಜನ ಸಾಮಾನ್ಯವಾಗಿ ಮರೆಯುವ ಹೆಜ್ಜೆ. ಹಳೇ ಡೈರೆಕ್ಟರಿಯನ್ನು ಹಾಗೇ ಬಿಟ್ಟು ಅದರ ಮೇಲೆ ಹೊಸ ಪಾರ್ಟಿಷನ್ ಮೌಂಟ್ ಮಾಡಿದರೆ, ಹಳೇ ಫೈಲುಗಳು ಹೋಗುವುದಿಲ್ಲ, ಕಾಣದಾಗುತ್ತವೆ ಅಷ್ಟೇ. ಹಳೇ ಚಾಪೆ ಮೇಲೆ ಹೊಸ ಜಮಖಾನ ಹಾಸಿದ ಹಾಗೆ. ಡಿಎಫ್ ‘ರೂಟ್ ತುಂಬಿದೆ’ ಅನ್ನುತ್ತದೆ, ಡಿಯು ‘ಎಲ್ಲಿ ತುಂಬಿದೆ?’ ಅನ್ನುತ್ತದೆ. ಇಬ್ಬರ ನಡುವೆ ನೀವು. ಅದಕ್ಕೇ ಹೆಸರು ಬದಲಿಸಿ:

ಎಂವಿ /ಎಂಎನ್‌ಟಿ/ಹಳೆ/ವಾರ್ /ಎಂಎನ್‌ಟಿ/ಹಳೆ/ವಾರ್.ಹಳೆ
ಎಂಕೆಡಿಐಆರ್ /ಎಂಎನ್‌ಟಿ/ಹಳೆ/ವಾರ್

ಎರಡನೆಯದು ಮೌಂಟ್ ಆಗಲು ಬೇಕಾದ ಖಾಲಿ ಡೈರೆಕ್ಟರಿ. ಎಂವಿ ಕಣ್ಣು ಮಿಟುಕಿಸುವಷ್ಟರಲ್ಲಿ ಮುಗಿಯುತ್ತದೆ, ಯಾಕೆಂದರೆ ಅದೇ ಪಾರ್ಟಿಷನ್‌ನೊಳಗೆ ಹೆಸರಷ್ಟೇ ಬದಲಾಗುತ್ತದೆ. ಒಂದು ಪಾರ್ಟಿಷನ್‌ನಿಂದ ಇನ್ನೊಂದಕ್ಕೆ ಎಂವಿ ಮಾಡಿದರೆ ಮಾತ್ರ ಪೂರ್ತಿ ಕಾಪಿ ಮಾಡಿ ಅಳಿಸುತ್ತದೆ, ಹೊತ್ತು ಹಿಡಿಯುತ್ತದೆ.

ಎಲ್‌ವಿಎಂ ಇಲ್ಲದೆ ಎಲ್ಲ ಒಂದೇ ಪಾರ್ಟಿಷನ್‌ನಲ್ಲಿ ಹಾಕಿಕೊಂಡವರು ಇದೇ ಪೆನ್‌ಡ್ರೈವ್‌ನಿಂದ ಜೀಪಾರ್ಟೆಡ್ ತೆರೆದು ರೂಟ್ ಕುಗ್ಗಿಸಿ, ಬಂದ ಜಾಗದಲ್ಲಿ ಹೊಸ ಪಾರ್ಟಿಷನ್ ಮಾಡಿಕೊಳ್ಳಬಹುದು. ಉಳಿದ ಹೆಜ್ಜೆ ಇವೇ. ಫೆಡೋರಾದವರಿಗೆ ಎಸ್‌ಇಲಿನಕ್ಸ್ (ಪ್ರತಿ ಫೈಲಿಗೂ ಲೇಬಲ್ ಅಂಟಿಸುವ ಭದ್ರತಾ ವ್ಯವಸ್ಥೆ) ಇರುವುದರಿಂದ, ಬೂಟ್ ಆಗುವ ಮುಂಚೆ ರೂಟ್‌ನಲ್ಲಿ .ಆಟೋರೀಲೇಬಲ್ ಅನ್ನುವ ಖಾಲಿ ಫೈಲ್ ಇಡುವುದು ಒಳ್ಳೆಯದು.

ಹೆಜ್ಜೆ 4: ಎಫ್‌ಎಸ್‌ಟ್ಯಾಬ್

ಇನ್ನೂ ಪೆನ್‌ಡ್ರೈವ್‌ನಲ್ಲೇ ಇದ್ದೀರಿ. /ಎಂಎನ್‌ಟಿ/ಹಳೆ/ಇಟಿಸಿ/ಎಫ್‌ಎಸ್‌ಟ್ಯಾಬ್ ತೆರೆದು ಈ ಸಾಲುಗಳನ್ನು ಸೇರಿಸಿ:

/ಡೆವ್/ವಿಜಿ0/ವಾರ್ /ವಾರ್ ಇಎಕ್ಸ್‌ಟಿ4 ಡಿಫಾಲ್ಟ್ಸ್ 0 2
ಟಿಎಂಪಿಎಫ್‌ಎಸ್ /ಟಿಎಂಪಿ ಟಿಎಂಪಿಎಫ್‌ಎಸ್ ನೋಸೂಯಿಡ್,ನೋಡೆವ್,ಸೈಜ್=4ಜಿ 0 0

ಯಾವುದನ್ನು, ಎಲ್ಲಿ, ಯಾವ ಬಗೆಯದು, ಯಾವ ಷರತ್ತಿನ ಮೇಲೆ, ಇಷ್ಟೇ. ಐದನೆಯ ಅಂಕಿ ಡಂಪ್ ಎಂಬ ಹಳೇ ಬ್ಯಾಕಪ್ ಪ್ರೋಗ್ರಾಂಗೆ, 0 ಇರಲಿ. ಆರನೆಯದು ಬೂಟ್ ಆಗುವಾಗ ಡಿಸ್ಕ್ ತಪಾಸಣೆಯ ಸರದಿ: ರೂಟ್‌ಗೆ 1, ಉಳಿದ ಇಎಕ್ಸ್‌ಟಿ4ಗೆ 2, ಟಿಎಂಪಿಎಫ್‌ಎಸ್‌ಗೆ ಬೇಡ. ಎಲ್‌ವಿಎಂ ಅಲ್ಲದ ಪಾರ್ಟಿಷನ್ ಆದರೆ ಎಸ್‌ಡಿಎ3 ಥರದ ಹೆಸರು ಬರೆಯಬೇಡಿ. ಇನ್ನೊಂದು ಡಿಸ್ಕ್ ಸಿಕ್ಕಿಸಿದ ದಿನ ಅದು ಎಸ್‌ಡಿಬಿ3 ಆಗಿಬಿಡಬಹುದು. ‘ಬಿಎಲ್‌ಕೆಐಡಿ’ ತೋರಿಸುವ ಯುಯುಐಡಿ (ಪಾರ್ಟಿಷನ್‌ನ ಗುರುತು ಸಂಖ್ಯೆ) ಹಾಕಿ. ಯಾವಾಗಲೂ ಸಿಕ್ಕಿಸಿಯೇ ಇರದ ಡಿಸ್ಕಿಗೆ ‘ನೋಫೇಲ್’ ಸೇರಿಸಿ. ಇಲ್ಲದಿದ್ದರೆ ಸಿಸ್ಟಂಡಿ ಅದಕ್ಕಾಗಿ 90 ಸೆಕೆಂಡ್ ಕಾದು, ಆಮೇಲೆ ಬೂಟ್ ಮಾಡುವುದಿಲ್ಲ ಅಂತ ಹಠ ಹಿಡಿಯುತ್ತದೆ.

ಭದ್ರತೆಗೆ ಅಂತ ಕೆಲವರು ಎಲ್ಲ ಸಾಲಿಗೂ ‘ನೋಎಕ್ಸೆಕ್’ (ಅಲ್ಲಿಂದ ಪ್ರೋಗ್ರಾಂ ಓಡಬಾರದು ಅನ್ನುವ ಷರತ್ತು) ಬಳಿಯುತ್ತಾರೆ. /ವಾರ್‌ಗೆ ಅದನ್ನು ಹಾಕಿ ಏಟು ತಿಂದಿದ್ದೇನೆ. ಡೆಬಿಯನ್ ಪ್ಯಾಕೇಜ್ ಹಾಕುವಾಗ ಓಡುವ ಸ್ಕ್ರಿಪ್ಟ್‌ಗಳು ಇರುವುದು /ವಾರ್/ಲಿಬ್/ಡಿಪಿಕೆಜಿ/ಇನ್ಫೋ ಒಳಗೆ. ನೋಎಕ್ಸೆಕ್ ಇದ್ದರೆ ಅವು ಓಡುವುದಿಲ್ಲ, ಎಪಿಟಿ ಅರ್ಧದಲ್ಲಿ ನಿಲ್ಲುತ್ತದೆ. /ಟಿಎಂಪಿಗೆ ಹಾಕಿದರೂ ಕೆಲವು ಇನ್‌ಸ್ಟಾಲ್ ಗೊಣಗುತ್ತವೆ. /ಹೋಮ್‌ಗೆ ನೋಸೂಯಿಡ್, ನೋಡೆವ್ ಎರಡೂ ಧಾರಾಳವಾಗಿ ಹಾಕಿ, ತೊಂದರೆ ಇಲ್ಲ.

ಫೈಲ್ ಉಳಿಸಿ, ಎರಡನ್ನೂ ಅನ್‌ಮೌಂಟ್ ಮಾಡಿ (ಕಮಾಂಡ್ ಹೆಸರಿನಲ್ಲಿ ಮೊದಲ ಎನ್ ಇಲ್ಲ, ‘ಯುಮೌಂಟ್’), ಪೆನ್‌ಡ್ರೈವ್ ತೆಗೆದು ರೀಬೂಟ್ ಮಾಡಿ.

ಹೆಜ್ಜೆ 5: ಎದ್ದ ಮೇಲೆ ನೋಡಬೇಕಾದದ್ದು

‘ಫೈಂಡ್‌ಮೌಂಟ್ /ವಾರ್’ ಕೊಡಿ (ಕಮಾಂಡಿನಲ್ಲಿ ‘ಫೈಂಡ್’ ಆದ ಮೇಲೆ ‘ಮೌಂಟ್’ ಬದಲು ಬರೀ ಎಂಎನ್‌ಟಿ). ಹೊಸ ಪಾರ್ಟಿಷನ್ ಹೆಸರು ಕಂಡರೆ ಸರಿ. ಅದೇ ಕಮಾಂಡಿಗೆ --ವೆರಿಫೈ ಸೇರಿಸಿದರೆ ಎಫ್‌ಎಸ್‌ಟ್ಯಾಬ್ ಪೂರ್ತಿ ಓದಿ ತಪ್ಪು ಹೇಳುತ್ತದೆ. ಮುಂದೆ ಯಾವಾಗ ಆ ಫೈಲ್ ಮುಟ್ಟಿದರೂ ರೀಬೂಟ್‌ಗೆ ಮುಂಚೆ ಇದನ್ನೊಮ್ಮೆ ಓಡಿಸಿ. ‘ಸಿಸ್ಟಂಸಿಟಿಎಲ್ --ಫೇಲ್ಡ್’ ಕೊಟ್ಟರೆ ಯಾವ ಸರ್ವಿಸ್ ಬಿದ್ದಿದೆ ಅಂತ ಗೊತ್ತಾಗುತ್ತದೆ. ಒಂದು ವಾರ ಎಲ್ಲ ಸರಿ ನಡೆದರೆ /ವಾರ್.ಹಳೆ ಅಳಿಸಿ, ರೂಟ್‌ಗೆ ಜಾಗ ವಾಪಸ್.

/ವಾರ್ ಮುಂದೊಂದು ದಿನ ತುಂಬಿಯೇ ತುಂಬುತ್ತದೆ. ಅವತ್ತು ಆ 188 ಜಿಬಿ ನೆನಪಾಗಲಿ:

ಸುಡೋ ಎಲ್‌ವಿಎಕ್ಸ್‌ಟೆಂಡ್ -ಆರ್ -ಎಲ್ +10ಜಿ /ಡೆವ್/ವಿಜಿ0/ವಾರ್

ಇಲ್ಲೂ ಎಲ್, ಜಿ ದೊಡ್ಡಕ್ಷರ. ಚಿಕ್ಕ ಆರ್ ಇದ್ದರೆ ಫೈಲ್‌ಸಿಸ್ಟಂ ಕೂಡ ಜೊತೆಗೇ ಹಿಗ್ಗುತ್ತದೆ. ರೀಬೂಟ್ ಬೇಡ, ಸರ್ವಿಸ್ ನಿಲ್ಲಿಸುವುದೂ ಬೇಡ.

ಎರಡು ವಿಚಿತ್ರ ಸಂದರ್ಭ ಗೊತ್ತಿರಲಿ. ಡಿಎಫ್‌ನಲ್ಲಿ ಜಾಗ ಇದೆ ಅಂತ ಕಾಣುತ್ತದೆ, ಬರೆಯಲು ಹೋದರೆ ‘ಜಾಗ ಇಲ್ಲ’ ಅನ್ನುತ್ತದೆ. ಹಾಗಾದರೆ ‘ಡಿಎಫ್ -ಐ’ ನೋಡಿ, ಐನೋಡ್ (ಒಂದೊಂದು ಫೈಲಿಗೂ ಬೇಕಾದ ದಾಖಲೆಯ ಮನೆ) ಮುಗಿದಿರುತ್ತವೆ. ಇಎಕ್ಸ್‌ಟಿ4 ಸಾಮಾನ್ಯವಾಗಿ 16 ಕೆಬಿಗೆ ಒಂದರಂತೆ ಐನೋಡ್ ಇಡುತ್ತದೆ, ಅಂದರೆ 30 ಜಿಬಿಗೆ ಸುಮಾರು 19.6 ಲಕ್ಷ. ಪುಟ್ಟ ಪುಟ್ಟ ಮೇಲ್ ಫೈಲು, ಸೆಷನ್ ಫೈಲು ಲಕ್ಷಗಟ್ಟಲೆ ಸೇರಿದರೆ ಜಾಗಕ್ಕಿಂತ ಮುಂಚೆ ಅವೇ ಖಾಲಿಯಾಗುತ್ತವೆ. ಇನ್ನೊಂದು, ದೊಡ್ಡ ಲಾಗ್ ಅಳಿಸಿದ ಮೇಲೂ ಜಾಗ ಬರುವುದಿಲ್ಲ. ಬರೆಯುತ್ತಿರುವ ಪ್ರೋಗ್ರಾಂ ಅದನ್ನು ಇನ್ನೂ ಹಿಡಿದಿರುತ್ತದೆ. ‘ಸುಡೋ ಎಲ್‌ಎಸ್‌ಒಎಫ್ +ಎಲ್1’, ದೊಡ್ಡ ಎಲ್, ಯಾರು ಹಿಡಿದಿದ್ದಾರೆ ಅಂತ ಹೇಳುತ್ತದೆ. ಆ ಸರ್ವಿಸ್ ರೀಸ್ಟಾರ್ಟ್ ಮಾಡಿದರೆ ಜಾಗ ಬಿಡುತ್ತದೆ.

ಬೂಟ್ ಆಗದೆ ಕೂತರೆ

ಎಫ್‌ಎಸ್‌ಟ್ಯಾಬ್‌ನಲ್ಲಿ ಒಂದಕ್ಷರ ತಪ್ಪಿದರೂ ಎಮರ್ಜೆನ್ಸಿ ಮೋಡ್‌ನಲ್ಲಿ ಹೋಗಿ ನಿಲ್ಲುತ್ತದೆ. ಕಪ್ಪು ಪರದೆ, ರೂಟ್ ಪಾಸ್‌ವರ್ಡ್ ಕೇಳುತ್ತದೆ. ಗಾಬರಿ ಬೇಡ. /ವಾರ್ ಇಲ್ಲ, /ಹೋಮ್ ಇಲ್ಲ, ಆದರೆ ರೂಟ್ ಇದೆ. ಎಫ್‌ಎಸ್‌ಟ್ಯಾಬ್ ಅದರಲ್ಲಿದೆ, ನ್ಯಾನೋ ಎಡಿಟರ್ ಅದರಲ್ಲಿದೆ. ಪಾಸ್‌ವರ್ಡ್ ಹಾಕಿ, ‘ಮೌಂಟ್ -ಓ ರೀಮೌಂಟ್,ಆರ್‌ಡಬ್ಲ್ಯು /’ ಕೊಟ್ಟು ರೂಟ್ ಅನ್ನು ಬರೆಯುವಂತೆ ಮಾಡಿ. ನ್ಯಾನೋದಲ್ಲಿ ಫೈಲ್ ತೆರೆದು ಅನುಮಾನ ಇರುವ ಸಾಲಿನ ಮುಂದೆ ಹ್ಯಾಶ್ ಚಿಹ್ನೆ ಹಾಕಿ, ಅಳಿಸಬೇಡಿ. ಆ ಸಾಲು /ವಾರ್‌ದೇ ಆಗಿದ್ದರೆ ಹ್ಯಾಶ್ ಹಾಕದೆ ತಿದ್ದಿಯೇ ಮುಂದೆ ಹೋಗಿ, ಇಲ್ಲದಿದ್ದರೆ ಖಾಲಿ /ವಾರ್ ಮೇಲೆ ಸರ್ವಿಸ್‌ಗಳು ಎಡವುತ್ತವೆ. ಉಳಿಸಿ ರೀಬೂಟ್ ಮಾಡಿ.

ಉಬುಂಟುವಿನಲ್ಲಿ ರೂಟ್ ಪಾಸ್‌ವರ್ಡ್ ಇಟ್ಟಿರುವುದಿಲ್ಲ, ಹಾಗಾಗಿ ಎಮರ್ಜೆನ್ಸಿ ಮೋಡ್ ನಿಮ್ಮನ್ನು ಒಳಗೆ ಬಿಡದೇ ಇರಬಹುದು. ಆಗ ಮತ್ತೆ ಅದೇ ಪೆನ್‌ಡ್ರೈವ್. ಅದನ್ನು ಫಾರ್ಮ್ಯಾಟ್ ಮಾಡಿ ಹಾಡು ತುಂಬಿಸಿಕೊಳ್ಳುವ ಮುಂಚೆ ಒಂದು ವಾರ ತಡೆಯಿರಿ.